ಹಕ್ಕಿಯ ಹಿಂದೆ ನಿಂತವಳು

ಬೀ ಲಿಯನ್ ಸತ್ತು ನಾಲ್ಕು ತಿಂಗಳಾಗಿತ್ತು. ಅವಳ ಗಂಡ ತಿಯಾಮ್ ಸೆಂಗ್ ಇನ್ನೂ ಅತ್ತಿರಲಿಲ್ಲ.

ಊರ ಬಾಯಿಗೆ ಬೀಗ ಜಡಿಯುವವರು ಯಾರು? ಅದರಲ್ಲೂ ಮಲೇಷ್ಯಾದ ತೈಪಿಂಗಿನಂಥ ಊರಿಗೆ! ದಿನಾ ಮಧ್ಯಾಹ್ನ ಮಳೆ ಬರುತ್ತದೆ, ಮಳೆ ನಿಲ್ಲುವ ತನಕ ಜನ ಕಾಫಿ ಅಂಗಡಿಯಲ್ಲಿ ಕೂತಿರಬೇಕು, ಕೂತವರು ಸುಮ್ಮನಿರುತ್ತಾರೆಯೇ? ಮೊದಲ ತಿಂಗಳು ‘ಪಾಪ, ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ’ ಅಂದರು. ಎರಡನೇ ತಿಂಗಳು ‘ಗಟ್ಟಿ ಗುಂಡಿಗೆಯವನು’ ಅಂದರು. ಮೂರನೇ ತಿಂಗಳಿಗೆ, ‘ಕಲ್ಲು ಕಣಯ್ಯಾ, ಕಲ್ಲು. ಮೂವತ್ತಾರು ವರ್ಷ ಬೇಯಿಸಿ ಹಾಕಿದವಳಿಗೆ ಒಂದು ಹನಿ ಕಣ್ಣೀರು ಬೇಡವಾ?’ ಅಂದರು. ಅಂದವರಲ್ಲಿ ಒಬ್ಬರೂ ಕೆಟ್ಟವರಲ್ಲ. ಎಲ್ಲರೂ ಮೂರು ದಿನ ಶವಪೆಟ್ಟಿಗೆಯ ಮುಂದೆ ಕೂತು ಕಡಲೆಕಾಯಿ ಸುಲಿದವರೇ, ಮಣ್ಣು ಹಾಕುವ ತನಕ ಬಿಸಿಲಲ್ಲಿ ನಿಂತವರೇ.

ಅಳು ಬರಲಿ ಅಂತ ತಿಯಾಮ್ ಸೆಂಗ್ ಕೂಡ ಕಾದಿದ್ದ. ಅವಳ ಬಟ್ಟೆ ಮಡಿಚಿ ಡಬ್ಬಕ್ಕೆ ಹಾಕಿದ, ಬರಲಿಲ್ಲ. ಅವಳ ಹಲ್ಲಿನ ಬ್ರಷ್ಷು ಎಸೆದ, ಬರಲಿಲ್ಲ. ಹೊಸ ವರ್ಷದ ಊಟಕ್ಕೆ ಮಗಳು ಮೂರನೇ ತಟ್ಟೆ ಇಟ್ಟು, ಇಟ್ಟದ್ದಕ್ಕೆ ತಾನೇ ಬಿಕ್ಕಿದಳು. ಅವನು ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದ. ಮೂವತ್ತನಾಲ್ಕು ವರ್ಷ ನೀರಿನ ಇಲಾಖೆಯಲ್ಲಿ ಮನೆಮನೆ ತಿರುಗಿ ಮೀಟರ್ ಓದಿದವನು. ಕೆಲವು ಮನೆಗಳಲ್ಲಿ ನಲ್ಲಿ ಧಾರಾಳವಾಗಿ ಸುರಿಯುತ್ತಿರುತ್ತದೆ, ಮೀಟರಿನ ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಒಳಗೆಲ್ಲೋ ಕಸ ಸಿಕ್ಕಿಕೊಂಡಿರುತ್ತದೆ. ಬೆರಳ ಗೆಣ್ಣಿನಿಂದ ಗಾಜನ್ನು ಎರಡು ಸಲ ಕುಟ್ಟಿದರೆ ಕೆಲವು ಹೊರಡುತ್ತವೆ, ಕೆಲವು ಇಲ್ಲ. ತನಗೂ ಹಾಗೇ ಆಗಿದೆ ಅಂದುಕೊಂಡು ಅವನು ಆ ವಿಚಾರ ಅಲ್ಲಿಗೇ ಬಿಟ್ಟ. ಹಗಲು ಬರುತ್ತಿತ್ತು, ಹೋಗುತ್ತಿತ್ತು. ಅನ್ನಕ್ಕೆ ಉಪ್ಪಿತ್ತೋ ಇಲ್ಲವೋ ಎದ್ದ ಮೇಲೆ ನೆನಪಿರುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಮಗಳು ಹೂಯ್ ಶಾನ್ ಇಪೋದಿಂದ ಬಂದಳು. ಅಲ್ಲಿನ ಒಂದು ದಂತ ಚಿಕಿತ್ಸಾಲಯದಲ್ಲಿ ಅವಳು ನರ್ಸು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಪಾ, ಕಲ್ಲಿನ ಲೋಕ್ ಫೋನ್ ಮಾಡಿದ್ದ. ಸಮಾಧಿ ಕಲ್ಲು ರೆಡಿ ಆಗಿದ್ಯಂತೆ. ಅಮ್ಮನ ಫೋಟೋ ಒಂದು ಬಾಕಿ. ಪಿಂಗಾಣಿ ಮೇಲೆ ಅಚ್ಚು ಹಾಕ್ಸಿ ಸುಡಿಸ್ಬೇಕಲ್ಲ, ಟೈಮ್ ಹಿಡಿಯುತ್ತಂತೆ. ನಾಳೆ ಬಿಟ್ಟು ಮುಂದಿನ ಸೋಮವಾರ ಕೊನೇ ದಿನ. ಆಮೇಲೆ ಕೊಟ್ರೆ ಚೆಂಗ್ ಬೆಂಗ್‌ಗೆ ಆಗಲ್ಲ ಅಂದ.”

ಚೆಂಗ್ ಬೆಂಗ್ ಅಂದರೆ ಊರಿನ ಎಲ್ಲ ಚೀನೀ ಮನೆಯವರೂ ಗುಡ್ಡ ಹತ್ತಿ ಹಿರಿಯರ ಸಮಾಧಿ ತೊಳೆದು ಎಡೆ ಇಡುವ ದಿನ. ಆ ದಿನ ಬೀ ಲಿಯನ್ ಕಲ್ಲಿನ ಮೇಲೆ ಮುಖವಿಲ್ಲದೆ ಬರೀ ಒಂದು ಅಂಡಾಕಾರದ ಗುಳಿ ಇದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ?

“ಗುರುತಿನ ಚೀಟಿ ಫೋಟೋನೇ ಕೊಟ್ಬಿಡ್ಲಾ ಪಾ? ಸಾವಿನ ದಿನ ಅದನ್ನೇ ದೊಡ್ಡದು ಮಾಡ್ಸಿದ್ವಲ್ಲ.”

“ಅದು ಬೇಡ.”

ಬೇಡ ಅನ್ನುವುದಕ್ಕೆ ಕಾರಣವಿತ್ತು. ಆ ಚೀಟಿ ಮಾಡಿಸಿ ತಂದ ದಿನ ಬೀ ಲಿಯನ್ ಅದನ್ನು ನೋಡಿ, “ಅಯ್ಯಯ್ಯಪ್ಪಾ, ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದೀನಿ! ನಾನು ಸತ್ಮೇಲೆ ಈ ಮೋರೆ ಏನಾದ್ರೂ ನನ್ನ ಕಲ್ಲಿಗೆ ಹಾಕ್ಸಿದ್ಯೋ, ದೆವ್ವ ಆಗಿ ಬಂದು ನಿನ್ನ ಊಟದಲ್ಲಿ ಮಣ್ಣು ಹಾಕ್ತೀನಿ ನೋಡು” ಅಂದಿದ್ದಳು. “ಆಯ್ತು ಮಾರಾಯ್ತಿ, ಹಾಕ್ಸಲ್ಲ” ಅಂತ ಅವನು ಮಾತು ಕೊಟ್ಟಿದ್ದ. ಬೀ ಲಿಯನ್ ಅವನನ್ನು ಕೇಳಿದ್ದೇ ಕಮ್ಮಿ. ಕೇಳಿದವುಗಳಲ್ಲಿ ಇನ್ನೂ ನಡೆಸಿಕೊಡಲು ಸಾಧ್ಯವಿದ್ದದ್ದು ಇದೊಂದೇ.

“ಮತ್ತೆ ಯಾವ್ದು ಕೊಡೋದು ಪಾ? ಮದುವೆ ಫೋಟೋ ಕೊಟ್ರೆ ನನ್ನ ತಂಗಿ ಅನ್ಕೋತಾರೆ. ನನ್ನ ಫೋನಲ್ಲಿರೋವೆಲ್ಲ ಸೊಟ್ಟ ಹಲ್ಲು ಕಾಣುತ್ತೆ ಅಂತ ಬಾಯಿಗೆ ಕೈ ಅಡ್ಡ ಹಿಡಿದಿರೋವೇ. ನಾನು ಚಿಕ್ಕವಳಿದ್ದಾಗ ಎಲ್ಲಿ ಹೋದ್ರೂ ಕ್ಯಾಮೆರಾ ಹಿಡೀತಿದ್ದವಳು ಅಮ್ಮನೇ, ಅವಳು ಯಾವುದ್ರಲ್ಲೂ ಇಲ್ಲ.” ಹೂಯ್ ಶಾನ್ ಕೇಳಿದಳು: “ನಿಮ್ಮ ಹತ್ರ ನಲವತ್ತು ಸಾವಿರ ಫೋಟೋ ಇದೆ ಪಾ. ನಲವತ್ತು ಸಾವಿರ. ಅದ್ರಲ್ಲಿ ಅಮ್ಮಂದು ಒಂದಿಲ್ವಾ?”

“ಹುಡುಕ್ತೀನಿ,” ಅಂದ ತಿಯಾಮ್ ಸೆಂಗ್.

ಆ ನಲವತ್ತು ಸಾವಿರದ ಕತೆ ಹೇಳಬೇಕು.

ನಾಲ್ಕು ವರ್ಷದ ಹಿಂದೆ ತಿಯಾಮ್ ಸೆಂಗ್ ನಿವೃತ್ತನಾದಾಗ ಇಲಾಖೆಯವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಯಲ್ಲಿ ಕೂತವನಿಗೆ ಕೈಕಾಲು ಆಡದು. ಅಭ್ಯಾಸ ಬಲದಿಂದ ಪಕ್ಕದ ಮನೆಯವರ ಮೀಟರ್ ಬಗ್ಗಿ ನೋಡಿ, “ಈ ತಿಂಗಳು ನೀರು ಜಾಸ್ತಿ ಬಿಟ್ಟಿದೀರಿ” ಅಂತ ಹೇಳಿ ಬೈಸಿಕೊಂಡ. ಬೀ ಲಿಯನ್‌ಗೆ ತಡೆಯಲಾಗಲಿಲ್ಲ. “ಏ ಮೀಟರ್, ನೀನು ಹೀಗೇ ಇದ್ರೆ ನನಗೆ ಹುಚ್ಚು ಹಿಡಿಯುತ್ತೆ. ಏನಾದ್ರೂ ಹಚ್ಕೋ” ಅಂತ ತಾನೇ ಪೇಟೆಗೆ ಕರೆದುಕೊಂಡು ಹೋಗಿ ಒಂದು ಕ್ಯಾಮೆರಾ ಕೊಡಿಸಿದಳು. ಊರೆಲ್ಲ ಅವನನ್ನು ಮೀಟರ್ ಸೆಂಗ್ ಅನ್ನುತ್ತಿತ್ತು. ಹೆಂಡತಿಗೆ ಬರೀ ಮೀಟರ್.

ಮರುದಿನ ಬೆಳಿಗ್ಗೆ ಇಬ್ಬರೂ ಕೆರೆ ತೋಟಕ್ಕೆ ಹೋದರು. ದಂಡೆಯ ಮಳೆಮರಗಳು ರಸ್ತೆ ದಾಟಿ ನೀರಿನ ಮೇಲೆ ಬಾಗಿವೆ, ನಡುಗಡ್ಡೆಯಲ್ಲಿ ಬಕಗಳು ಗೂಡು ಕಟ್ಟುತ್ತವೆ. ತಿಯಾಮ್ ಸೆಂಗ್ ಕ್ಯಾಮೆರಾದ ಮೇಲಿನ ಗುಂಡಿಯನ್ನು ಹಸಿರು ಗುರುತಿಗೆ ತಿರುಗಿಸಿದ. ಅದಕ್ಕೆ ತಿರುಗಿಸಿದರೆ ಎಲ್ಲವನ್ನೂ ಕ್ಯಾಮೆರಾವೇ ನೋಡಿಕೊಳ್ಳುತ್ತದೆ ಅಂತ ಅಂಗಡಿಯವನು ಹೇಳಿದ್ದ. ನಡುಗಡ್ಡೆಯ ಮೇಲೆ ನಿಂತಿದ್ದ ಒಂದು ಬಕವನ್ನು ಗುರಿಯಿಟ್ಟು ಒತ್ತಿದ. ಅದು ಅವನ ಮೊದಲ ಫೋಟೋ.

ಅದೇ ವಾರ ಅವನು ಚೆಗು ಜವಾವಿಯವರ ಪಾಠಕ್ಕೆ ಸೇರಿದ. ಚೆಗು ಅಂದರೆ ಮೇಷ್ಟ್ರು. ಜವಾವಿ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ, ಈಗ ಹಳೇ ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಶನಿವಾರ ನಿವೃತ್ತರಿಗೆ ಹಕ್ಕಿ ಫೋಟೋ ತೆಗೆಯುವುದನ್ನು ಪುಕ್ಕಟೆ ಕಲಿಸುತ್ತಿದ್ದರು. ಪುಕ್ಕಟೆ ಅಂತ ಬೈಗುಳಕ್ಕೇನೂ ಕಮ್ಮಿಯಿರಲಿಲ್ಲ. ಮೊದಲ ದಿನ ಎಲ್ಲರ ಮೊದಲ ಫೋಟೋವನ್ನೂ ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ಗೋಡೆ ಮೇಲೆ ಬಿಟ್ಟು ತೋರಿಸಿದರು. ತಿಯಾಮ್ ಸೆಂಗನದು ಬಂದಾಗ ಸೊಂಟ ಹಿಡಿದುಕೊಂಡು ನಕ್ಕರು.

“ಸೆಂಗ್, ಇದರಲ್ಲಿ ಕಸದ ತೊಟ್ಟಿ ಇದೆ. ತೊಟ್ಟಿ ಮೇಲೊಂದು ಮಂಗ ಇದೆ. ಮೀನು ಹಿಡೀಬಾರದು ಅನ್ನೋ ಬೋರ್ಡ್ ಇದೆ, ಅದರ ಅಕ್ಷರಾನೂ ಓದಬಹುದು. ಎಲ್ಲಾ ಕಾಣುತ್ತೆ ಕಣೋ, ಹಾಗಾಗಿ ಏನೂ ಕಾಣಲ್ಲ! ನಿನ್ನ ಬಕ ಎಲ್ಲಿ? ಆ ಇರುವೇನಾ?”

ಎಲ್ಲರೂ ನಕ್ಕರು. ತಿಯಾಮ್ ಸೆಂಗ್‌ಗೆ ಕಿವಿ ಬಿಸಿಯಾಯಿತು. ಮನೆಗೆ ಬಂದವನೇ ಆ ಫೋಟೋ ಅಳಿಸಿಹಾಕಿದ.

ಆದರೆ ಮುಂದಿನ ವಾರ ಸರದಿ ಅವನದಾಯಿತು. ಚೆಗು ಹಲಗೆ ಮೇಲೆ ನಾಲ್ಕು, ಎಂಟು, ಹನ್ನೊಂದು, ಹದಿನಾರು ಅಂತ ಬರೆದು, ಇದು ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ತೂತು; ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು ಅಂದರು. ತರಗತಿಯೇ ತಿರುಗಿಬಿತ್ತು. ಅದು ಹೇಗೆ ಸಾಧ್ಯ, ಚಿಕ್ಕದು ಅಂದರೆ ಚಿಕ್ಕದೇ ತಾನೇ ಅಂತ ಒಬ್ಬ ನಿವೃತ್ತ ತಹಸೀಲ್ದಾರ ಎದ್ದು ನಿಂತು ವಾದಿಸಿದ. ಹಿಂದಿನ ಬೆಂಚಿನಿಂದ ತಿಯಾಮ್ ಸೆಂಗ್ ಬಾಯಿಬಿಟ್ಟ.

“ಕಾಲಿಂಚಿನ ಪೈಪು ದೊಡ್ಡದೋ ಅರೆಕಾಲಿಂಚಿನ ಪೈಪು ದೊಡ್ಡದೋ? ನಾಲ್ಕು ಅಂದ್ರೆ ನಾಲ್ಕರಲ್ಲಿ ಒಂದು ಪಾಲು. ಎಂಟು ಅಂದ್ರೆ ಎಂಟರಲ್ಲಿ ಒಂದು ಪಾಲು. ಅಷ್ಟೇ ಅಲ್ವಾ?”

ಚೆಗು ಸೀಮೆಸುಣ್ಣ ಕೆಳಗಿಟ್ಟರು. “ಯಾ ಅಲ್ಲಾ! ಎಂಟು ವರ್ಷದಿಂದ ಇದನ್ನ ಹೇಗೆ ಹೇಳ್ಬೇಕು ಅಂತ ಒದ್ದಾಡ್ತಿದೀನಿ. ನೀನೆಲ್ಲಿದ್ಯೋ ಮಾರಾಯ?”

ಅಂದಿನಿಂದ ತೂತಿನ ಹುಚ್ಚು ಹಿಡಿಯಿತು. ತೂತು ಸಣ್ಣದಾಗಿದ್ದರೆ ಹತ್ತಿರದ್ದು ದೂರದ್ದು ಎಲ್ಲವೂ ಸ್ಪಷ್ಟ. ಪೂರ್ತಿ ತೆರೆದರೆ ಒಂದು ತೆಳು ಪದರ ಮಾತ್ರ ಸ್ಪಷ್ಟ, ಮಿಕ್ಕಿದ್ದೆಲ್ಲ ಮಸುಕು. ಹಕ್ಕಿಯವರಿಗೆ ಬೇಕಾದದ್ದು ಅದೇ. “ಹಕ್ಕಿ ಕಣ್ಣು ಸೂಜಿ ಮೊನೆ ಥರ ಇರ್ಬೇಕು, ಹಿಂದಿನದೆಲ್ಲ ತೆಂಗಿನ ಹಾಲಿನ ಥರ ಕರಗಿ ಹೋಗ್ಬೇಕು” ಅನ್ನುವುದು ಚೆಗು ಅವರ ಮಂತ್ರ. ತಿಯಾಮ್ ಸೆಂಗ್ ಉದ್ದನೆಯ ಮಸೂರ ಕೊಂಡ, ತೂತನ್ನು ಪೂರ್ತಿ ತೆರೆದು ಎಫ್ ನಾಲ್ಕಕ್ಕೆ ಇಟ್ಟ, ಮತ್ತೆ ಅಲ್ಲಿಂದ ಕದಲಲಿಲ್ಲ.

ಬೀ ಲಿಯನ್ ಜೊತೆಗೇ ಬರುತ್ತಿದ್ದಳು. ಮನೆಯಲ್ಲಿ ಕೂತು ಮಾಡುವುದೇನು ಅನ್ನುತ್ತಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿದ ಕಪ್ಪು ಕಾಫಿ ಎರಡು, ಬಾಳೆಲೆಯಲ್ಲಿ ಸುತ್ತಿದ ಅನ್ನದ ಪೊಟ್ಟಣ, ತಲೆ ಮೇಲೊಂದು ಕೆಂಪು ಕೊಡೆ. ಒಂದು ಬೆಳಿಗ್ಗೆ ಅವನು ತೆಗೆದ ಮಿಂಚುಳ್ಳಿಯ ಫೋಟೋ ನೋಡಿ ಚೆಗು ಬೆರಗಾದರು.

“ಆಹಾ, ಹಿಂದೆ ಆ ಕೆಂಪು ಎಷ್ಟು ಚೆನ್ನಾಗಿ ಕರಗಿದೆ! ಯಾವ ಹೂವು ಸೆಂಗ್ ಅದು?”

“ಹೂವಲ್ಲ ಚೆಗು. ನನ್ನ ಹೆಂಡ್ತಿ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬೀ ಲಿಯನ್. “ಕೇಳಿಸ್ಕೊಂಡ್ಯಾ ಮೀಟರ್? ಅರವತ್ತಕ್ಕೆ ಹೂವಾದೆ!”

ಆಮೇಲೆ ಅದೇ ಕೆಲಸವಾಯಿತು. ಬೇರೆಯವರ ಹಕ್ಕಿಯ ಹಿಂದೆ ಹಸಿರಿದ್ದರೆ ಇವನ ಹಕ್ಕಿಯ ಹಿಂದೆ ಕೆಂಪು. ಹಕ್ಕಿ ಕೂರುವ ಕೊಂಬೆ ನೋಡಿಕೊಂಡು, ಅದರ ಹಿಂದೆ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಹೆಂಡತಿಯನ್ನು ಕೊಡೆ ಬಿಚ್ಚಿಸಿ ನಿಲ್ಲಿಸುತ್ತಿದ್ದ. “ಸ್ವಲ್ಪ ಎಡಕ್ಕೆ. ಇನ್ನೂ ಎಡಕ್ಕೆ. ಹಾಂ, ಅಲ್ಲಾಡ್ಬೇಡ.” ಸೊಳ್ಳೆ ಕಚ್ಚಿದರೂ ಅವಳು ಅಲ್ಲಾಡುತ್ತಿರಲಿಲ್ಲ. ಹಕ್ಕಿ ಬರುವುದು ಹತ್ತು ನಿಮಿಷಕ್ಕೋ, ಒಂದು ಗಂಟೆಗೋ. ಬಂದ ಮೇಲೆ ಅವಳಿಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ.

ಒಂದು ಸಲ ಕಾಲು ನೀವಿಕೊಳ್ಳುತ್ತ ಬಂದು ಬೆಂಚಿನ ಮೇಲೆ ಕೂತವಳು ಹೇಳಿದಳು: “ಒಂದ್ಸಲ ನನ್ನನ್ನೂ ತೆಗಿ ಮೀಟರ್. ಬಾಯಿ ಮುಚ್ಕೊಂಡು ನಿಲ್ತೀನಿ, ಹಲ್ಲು ತೋರ್ಸಲ್ಲ.”

“ತೆಗೀತೀನಿ ಇರು. ಬೆಳಕು ಸರಿಯಾಗಿರೋ ದಿನ ತೆಗೀತೀನಿ.”

ತೈಪಿಂಗಿನಲ್ಲಿ ಬೆಳಕು ಸರಿಯಾಗಿರುವ ದಿನ ಎಷ್ಟಿವೆಯೋ ಅಷ್ಟರಲ್ಲೂ ಮಿಂಚುಳ್ಳಿ ಬಂದಿತ್ತು.

ನವೆಂಬರಿನ ಆ ಬೆಳಿಗ್ಗೆ ಅವಳು ಹೋಗಲಿಲ್ಲ. ತಲೆ ಭಾರ, ನೀನು ಹೋಗು ಅಂದಳು. ಅವನು ಹೋದ. ಹಕ್ಕಿಯವರ ಪದ್ಧತಿಯಂತೆ ಫೋನಿನ ಸದ್ದು ನಿಲ್ಲಿಸಿ ಕಿಸೆಗೆ ಹಾಕಿಕೊಂಡ. ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಒಂದು ಮಿಂಚುಳ್ಳಿ ಕೊಕ್ಕಲ್ಲಿ ಮೀನು ಹಿಡಿದು ಬಂದು ಕೂತಿತು. ಕಣ್ಣು, ಕೊಕ್ಕು, ಮೀನಿನ ಬಾಲದಿಂದ ಬೀಳುತ್ತಿದ್ದ ಹನಿ ಎಲ್ಲವೂ ಅವನು ಬಯಸಿದಂತೆ ಬಂದವು. ಚೆಗು ಬೆನ್ನು ತಟ್ಟಿದರು, ಉಳಿದವರು ಸುತ್ತ ನಿಂತು ಕ್ಯಾಮೆರಾದೊಳಗೆ ಇಣುಕಿ ಹೊಗಳಿದರು. ಹೊಗಳಿಕೆ ಮುಗಿದು ಅವನು ಫೋನ್ ತೆಗೆದಾಗ ಪಕ್ಕದ ಮನೆಯವರ ಒಂಬತ್ತು ಕರೆಗಳಿದ್ದವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೀ ಲಿಯನ್ ಹೋಗಿಬಿಟ್ಟಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು ಅಂದರು. ಪೈಪು ಒಡೆಯುವುದು ಅವನಿಗೆ ಗೊತ್ತಿದ್ದ ವಿಷಯ. ಅವನು ತಲೆಯಾಡಿಸಿ, ಕಾಗದಕ್ಕೆ ಎಲ್ಲಿ ಸಹಿ ಹಾಕಬೇಕು ಅಂತ ಕೇಳಿದ.

ಆಮೇಲೆ ಕ್ಯಾಮೆರಾ ಬೀರು ಸೇರಿತು.

ಈಗ, ಮಗಳು ಬಂದು ಹೋದ ಮೇಲೆ, ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಮಧ್ಯಾಹ್ನ, ಹೊರಗೆ ಮಳೆ ಸುರಿಯುತ್ತಿರುವಾಗ, ತಿಯಾಮ್ ಸೆಂಗ್ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಫೋಟೋ ದಾಟಿಸಿದ. ಮೀಟರ್ ಓದುವವನ ತಾಳ್ಮೆ. ಬೇರೆಯವರಾಗಿದ್ದರೆ ನೂರು ನೋಡಿ ಕೈಬಿಡುತ್ತಿದ್ದರು. ಬೀ ಲಿಯನ್ ಇದ್ದಳು, ಇಲ್ಲವೆಂದಲ್ಲ. ಇನ್ನೂರ ಹನ್ನೆರಡು ಫೋಟೋಗಳಲ್ಲಿ ಇದ್ದಳು. ಮಿಂಚುಳ್ಳಿಯ ಹಿಂದೆ ಕೆಂಪು ಕಲೆ. ಮರಕುಟಿಗದ ಎಡಕ್ಕೆ ಕೆಂಪು ಕಲೆ, ಅದರ ಕೆಳಗೊಂದು ತಿಳಿ ಉರುಟು. ಅದು ಅವಳ ಮುಖ. ದೊಡ್ಡದು ಮಾಡಿ ನೋಡಿದರೆ ಉರುಟು ಇನ್ನೂ ದೊಡ್ಡ ಉರುಟಾಗುತ್ತಿತ್ತು, ಅಷ್ಟೇ. ಯಾವ ಕಲೆ ಯಾವ ದಿನದ್ದು ಅಂತ ಅವನಿಗೆ ಹೇಳಲು ಬರುತ್ತಿತ್ತು. ಇದು ಅವಳು ಕಾಲು ಉಳುಕಿಸಿಕೊಂಡು ನಿಂತ ದಿನ. ಇದು ಹೂಯ್ ಶಾನ್ ಹುಟ್ಟುಹಬ್ಬ. ಹಕ್ಕಿಯ ಕಣ್ಣು ಮಾತ್ರ ಇನ್ನೂರ ಹನ್ನೆರಡರಲ್ಲೂ ಸೂಜಿ ಮೊನೆ.

ಬೇಜಾರಾಯಿತೇ? ಆಗಬೇಕಿತ್ತು. ಆಗಲಿಲ್ಲ. ಇನ್ನೂರ ಹನ್ನೆರಡು ಅಂತ ಚೀಟಿಯ ಮೇಲೆ ಬರೆದುಕೊಂಡ, ಕೆಳಗೆ ಗೆರೆ ಎಳೆದ.

ಶುಕ್ರವಾರ ಸಂಜೆ ಚೆಗು ಜವಾವಿ ಬಾಳೆಹಣ್ಣಿನ ಬೋಂಡಾ ಹಿಡಿದುಕೊಂಡು ಬಂದರು. ನಾಲ್ಕು ತಿಂಗಳಲ್ಲಿ ಅದು ಅವರ ಆರನೇ ಸಲ. ಪ್ರತಿ ಸಲವೂ ಕೆರೆಗೆ ಬಾ ಅನ್ನುತ್ತಿದ್ದರು. ಈ ಸಲ ಬೇರೆ ದಾರಿ ಹಿಡಿದರು.

“ನಾಳೆ ಹೊಸ ಬ್ಯಾಚು ಸೆಂಗ್. ಹನ್ನೆರಡು ಜನ. ತೂತಿನ ಪಾಠ ನೀನು ಬಂದು ಹೇಳು. ಆ ಪೈಪಿನ ಲೆಕ್ಕ ನನ್ನ ಬಾಯಲ್ಲಿ ಚೆನ್ನಾಗಿರಲ್ಲ, ಪೈಪಿನವನ ಬಾಯಲ್ಲೇ ಬರ್ಬೇಕು.”

ಆಗಲ್ಲ ಅನ್ನಬೇಕಾದರೂ ಮನಸ್ಸು ಬೇಕು. ಅದೂ ಇರಲಿಲ್ಲ. “ಸರಿ” ಅಂದ. ಫೋಟೋ ಹುಡುಕುತ್ತಿರುವ ಸಂಗತಿ ಚೆಗುವಿಗೆ ಹೇಳಲಿಲ್ಲ. ಇನ್ನೂರ ಹನ್ನೆರಡು ಅಂತ ಅವರೆದುರು ಹೇಗೆ ಹೇಳುವುದು? ಆ ಕೆಂಪನ್ನು ಮೊದಲು ಹೊಗಳಿದವರೇ ಅವರು.

ಅದೇ ಸಂಜೆ ಮಗಳಿಗೆ ಫೋನ್ ಮಾಡಿದ. “ಸಿಗ್ಲಿಲ್ಲ,” ಅಂದ. ಆ ಕಡೆಯಿಂದ ಹೂಯ್ ಶಾನ್, “ಹೋಗ್ಲಿ ಬಿಡಿ ಪಾ. ಸೋಮವಾರ ರಜೆ ಹಾಕಿ ಬರ್ತೀನಿ. ಗುರುತಿನ ಚೀಟಿ ತಗೊಂಡೇ ಹೋಗೋಣ. ಅಮ್ಮ ಬೈಕೊಂಡ್ರೆ ಬೈಕೊಳ್ಲಿ” ಅಂದಳು. ಬೈದರೂ ಸಾಕಾಗಿತ್ತು ಅನ್ನಿಸಿತು ತಿಯಾಮ್ ಸೆಂಗ್‌ಗೆ.

ಶನಿವಾರ ಗ್ರಂಥಾಲಯದ ಮಹಡಿಯಲ್ಲಿ ಹನ್ನೆರಡು ಹೊಸ ಕ್ಯಾಮೆರಾಗಳು, ಹನ್ನೆರಡು ಹಳೇ ಮುಖಗಳು. ತಿಯಾಮ್ ಸೆಂಗ್ ಹಲಗೆ ಮೇಲೆ ಎರಡು ಪೈಪು ಬರೆದು, ಕಾಲಿಂಚು ಅರೆಕಾಲಿಂಚಿನ ಲೆಕ್ಕ ಹೇಳಿ ಕೂತ. ತಲೆಗಳು ಆಡಿದವು. ಚೆಗು ಕಿಟಕಿಯ ಪರದೆ ಎಳೆದು, ಗೋಡೆಯ ಮೇಲೆ ಚಿತ್ರ ಬಿಡತೊಡಗಿದರು. ಮೊದಲು ಒಂದು ಗೂಬೆ, ಆಮೇಲೆ ಒಂದು ಬೆಳ್ಳಕ್ಕಿ. ಹೀಗಿರಬೇಕು, ಹೀಗಿರಬೇಕು ಅನ್ನುತ್ತ ಹೋಗಿ ಏಳನೇ ಚಿತ್ರಕ್ಕೆ ನಿಂತರು.

“ಈಗ ಹೇಗಿರಬಾರದು ಅಂತ ನೋಡಿ,” ಅಂದರು. “ಇದು ತೂತಿನ ಬಗ್ಗೆ ಏನೂ ಗೊತ್ತಿಲ್ಲದೋನು ತೆಗೆದಿದ್ದು. ನಾಲ್ಕು ವರ್ಷದಿಂದ ಎಲ್ಲಾ ಬ್ಯಾಚಿಗೂ ತೋರಿಸ್ತೀನಿ. ಇವನು ಏನನ್ನ ತೆಗೆಯೋಕೆ ಹೊರಟಿದ್ದ, ಯಾರು ಹೇಳ್ತೀರಿ?”

“ಕಸದ ತೊಟ್ಟಿ,” ಅಂದ ಒಬ್ಬ.

“ಮಂಗ,” ಅಂದ ಇನ್ನೊಬ್ಬ.

“ಬೋರ್ಡು! ಮುನಿಸಿಪಾಲಿಟಿಯವನಿರ್ಬೇಕು,” ಅಂದ ಮೂರನೆಯವನು. ನಗು ಎದ್ದಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ನಿವೃತ್ತ ಸೂಲಗಿತ್ತಿ ಕನ್ನಡಕ ಸರಿಮಾಡಿಕೊಂಡಳು. “ಇದ್ರಲ್ಲಿ ತಪ್ಪೇನಿದೆ ಚೆಗು? ಆ ಹೆಂಗಸು ಎಷ್ಟು ಚೆನ್ನಾಗಿ ಕಾಣ್ತಿದಾಳೆ. ಅವಳನ್ನೇ ತೆಗೆದಿದಾನೆ ಅಷ್ಟೇ.”

“ಅಲ್ಲಮ್ಮ!” ಚೆಗು ನಾಲ್ಕು ವರ್ಷದಿಂದ ಹೇಳಿ ಹೇಳಿ ನುಣುಪಾದ ಮಾತನ್ನು ಹೇಳಿದರು. “ಆ ಮೂಲೇಲಿ ಇರುವೆ ಥರ ಇದೆಯಲ್ಲ, ಅದು ಬಕ. ಅವನಿಗೆ ಹೆಂಗಸು ಬೇಕಿರ್ಲಿಲ್ಲ, ಬಕ ಬೇಕಿತ್ತು!”

ಎಲ್ಲರೂ ನಕ್ಕರು. ಚೆಗು ಕೂಡ ನಗುತ್ತ, ಈ ನಗೆಯಲ್ಲಿ ಪಾಲು ಕೊಡಲು ಹಳೇ ಶಿಷ್ಯನ ಕಡೆ ತಿರುಗಿದರು. ತಿರುಗಿದವರ ಬಾಯಿ ಹಾಗೇ ನಿಂತಿತು. ನಾಲ್ಕು ವರ್ಷ ಆ ಚಿತ್ರವನ್ನು ತೋರಿಸಿದವರು ಅದರಲ್ಲಿ ತೊಟ್ಟಿಯನ್ನೂ ಮಂಗನನ್ನೂ ಬಕವನ್ನೂ ನೋಡಿದ್ದರು. ಮಧ್ಯದಲ್ಲಿ ನಿಂತವಳು ಯಾರು ಅಂತ ನೋಡಿರಲಿಲ್ಲ. ಅವಳ ಹೆಣದ ಮುಂದೆ ಮೂರು ದಿನ ಕೂತು ಬಂದ ಮೇಲೂ ನೋಡಿರಲಿಲ್ಲ.

“ಸೆಂಗ್... ಯಾ ಅಲ್ಲಾ, ಸೆಂಗ್, ನಾನು...” ಅನ್ನುತ್ತ ಅವರ ಕೈ ಕಂಪ್ಯೂಟರಿನ ಗುಂಡಿಗೆ ಹೋಯಿತು.

“ತೆಗಿಬೇಡಿ ಚೆಗು,” ಅಂದ ತಿಯಾಮ್ ಸೆಂಗ್. “ಇರ್ಲಿ.”

ಎದ್ದು ಗೋಡೆಯ ಹತ್ತಿರ ಹೋದ. ಅವನ ನೆರಳು ಅವಳ ಮೇಲೆ ಬಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಆಳೆತ್ತರದ ಬೀ ಲಿಯನ್ ನಿಂತಿದ್ದಳು. ಬಲಗೈಯ ಬೆರಳಿಗೆ ದಾರದಿಂದ ನೇತುಬಿದ್ದ ಕಾಫಿ ಚೀಲ, ಹಣೆಗೆ ಅಂಟಿದ ಕೂದಲು, ಮೊಣಕೈ ಹತ್ತಿರ ಎಣ್ಣೆ ಸಿಡಿದ ಹಳೇ ಕಲೆ. ಬಾಯಿ ತೆರೆದಿತ್ತು, ಸೊಟ್ಟ ಹಲ್ಲು ಕಾಣುತ್ತಿತ್ತು. 'ಏ ಮೀಟರ್, ಕಾಫಿ ಆರೋಗ್ತಿದೆ, ಬಾರೋ' ಅಂತ ಕೂಗುತ್ತಿದ್ದಳು ಆಗ. ಅಡ್ಡ ಬಂದಳಲ್ಲ ಅಂತ ಅವನಿಗೆ ಸಿಟ್ಟು ಬಂದಿತ್ತು. ಅದೂ ನೆನಪಾಯಿತು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರನ್ನು ಕಂಡಿದ್ದೇವೆ. ಇವನು ಆ ಬೆಣ್ಣೆಯನ್ನು ನಾಲ್ಕು ವರ್ಷದ ಹಿಂದೆ ತೊಟ್ಟಿಗೆ ಎಸೆದು, ಆಮೇಲೆ ಅಲೆದಿದ್ದ.

ಏನೋ ಆಗಿದೆ ಅಂತ ತರಗತಿಗೆ ಅರ್ಥವಾಗಿತ್ತು. ತಿಯಾಮ್ ಸೆಂಗ್ ಅವರ ಕಡೆ ತಿರುಗಿದ. ಪಾಠ ಹೇಳಲು ಬಂದವನು, ಪಾಠ ಮುಗಿಸಬೇಕು ಅನ್ನಿಸಿರಬೇಕು.

“ಇದು ಎಫ್ ಹನ್ನೊಂದು,” ಅಂದ. “ಸಣ್ಣ ತೂತು. ಕ್ಯಾಮೆರಾ ತಾನೇ ಆರಿಸ್ಕೊಂಡಿದ್ದು. ಆಗ ನನಗೆ ಏನೂ ಬರ್ತಿರ್ಲಿಲ್ಲ.”

ಸೋಮವಾರ ಬೆಳಿಗ್ಗೆ ಅಪ್ಪ ಮಗಳು ಲೋಕ್‌ನ ಅಂಗಡಿಗೆ ಹೋದರು. ಹಿತ್ತಲಲ್ಲಿ ಕಲ್ಲು ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಚೆಗು ಕೊಟ್ಟ ಚಿತ್ರವನ್ನು ಲೋಕ್ ಕಂಪ್ಯೂಟರಿನಲ್ಲಿ ತೆರೆದು, ತಲೆ ಓರೆ ಮಾಡಿ ನೋಡಿದ. ನಲವತ್ತರ ಆಳು, ಕೆಲಸದಲ್ಲಿ ಗಟ್ಟಿಗ.

“ಮುಖ ಒಳ್ಳೇ ಸ್ಪಷ್ಟ ಇದೆ ಅಂಕಲ್. ಇಂಥದ್ದು ಸಿಗೋದು ಅಪರೂಪ. ಹಲ್ಲೊಂದು ಸರಿ ಮಾಡ್ಬಿಡ್ಲಾ? ಎರಡು ನಿಮಿಷದ ಕೆಲಸ.”

“ಬೇಡ,” ಅಂದಳು ಹೂಯ್ ಶಾನ್, ಅಪ್ಪನಿಗಿಂತ ಮೊದಲೇ. “ಹತ್ತು ವರ್ಷ ನಾನು ಹಿಂದೆ ಬಿದ್ದಿದ್ದೆ, ನಮ್ಮ ಡಾಕ್ಟ್ರ ಹತ್ರ ಸರಿ ಮಾಡ್ಸು ಅಂತ. ಬರಲ್ಲ ಅಂದ್ರೆ ಬರಲ್ಲ ಅಂದ್ಳು. ಈಗ ಸತ್ಮೇಲೆ ನಾವು ಮಾಡ್ಸಿದ್ರೆ ಮೋಸ ಆಗುತ್ತೆ.”

“ಸರಿ. ಮತ್ತೆ ಹಿಂದಿಂದು?” ಲೋಕ್ ತೊಟ್ಟಿಯ ಮೇಲೆ, ಮಂಗನ ಮೇಲೆ, ಬೋರ್ಡಿನ ಮೇಲೆ ಬೆರಳಾಡಿಸಿದ. “ಇದನ್ನೆಲ್ಲ ಮಸುಕು ಮಾಡ್ಬಿಡ್ತೀನಿ ಅಂಕಲ್. ಕ್ಯಾಮೆರಾದಲ್ಲಿ ದೊಡ್ಡ ಮಸೂರ ಹಾಕಿ ತೆಗೆದ ಹಾಗೇ ಬರುತ್ತೆ, ಗೊತ್ತೇ ಆಗಲ್ಲ. ಈಗ ಎಲ್ರೂ ಹಾಗೇ ಕೇಳ್ತಾರೆ.”

“ಬೇಡಪ್ಪ.”

“ಸಮಾಧಿ ಮೇಲೆ ಕಸದ ತೊಟ್ಟಿನಾ ಅಂಕಲ್? ನೋಡಿದವರು ನಗ್ತಾರೆ.”

“ನಗ್ಲಿ. ಎಲ್ಲಾ ಇರ್ಲಿ.” ತಿಯಾಮ್ ಸೆಂಗ್ ಬೆರಳ ಗೆಣ್ಣಿನಿಂದ ಪರದೆಯ ಗಾಜನ್ನು ಮೆಲ್ಲಗೆ ಎರಡು ಸಲ ಮುಟ್ಟಿದ. “ಮಸುಕು ನಾನೇ ಬೇಕಾದಷ್ಟು ಮಾಡಿದೀನಿ. ಅವಳನ್ನ ಅಲ್ಲಿ ನಿಲ್ಸಿ... ಅಲ್ಲಾಡ್ಬೇಡ ಅಂತ ನಿಲ್ಸಿ... ಒಂದು ಸಲ ತೆಗಿ ಅಂದಿದ್ಳು...”

ಅವನು ಅತ್ತ. ನಾಲ್ಕು ತಿಂಗಳ ನೀರು ಒಟ್ಟಿಗೆ ಬಂದಿತು, ಸದ್ದು ಮಾಡಿಕೊಂಡು ಬಂದಿತು, ಮಗಳು ಹೆಗಲು ಹಿಡಿದರೂ ನಿಲ್ಲಲಿಲ್ಲ. ಲೋಕ್ ಹಿತ್ತಲಿಗೆ ಹೋಗಿ ಯಂತ್ರ ನಿಲ್ಲಿಸಿ ಬಂದು, ಅವನ ಹಿಂದೆ ಒಂದು ಸ್ಟೂಲು ಇಟ್ಟ.